ಡೋರೆಮಾನ್ ವೇಷದ ಜಮಾ-ಖರ್ಚು

ನಮ್ಮ ಜಿಲ್ಲೆಗೆ ವೇಷ ಹೊಸದಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿ ಹೊನ್ನಾವರ ತಾಲೂಕಿನಲ್ಲಿ ಇಂದಿಗೂ ಆಟ ಆಡುತ್ತಿದೆ. ಅಂಕೋಲೆಯ ಕಡೆ ಹೋಳಿ ಹುಣ್ಣಿಮೆ ಬಂತೆಂದರೆ ಹಾಲಕ್ಕಿ ಒಕ್ಕಲಿಗರು ತಲೆಗೆ ಬಣ್ಣದ ತುರಾಯಿ ಕಟ್ಟಿಕೊಂಡು ಸುಗ್ಗಿ ಕುಣಿಯುತ್ತಾರೆ. ನಾವು ಕುಣಿತ ನೋಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಆ ತುರಾಯಿಯ ಒಂದೊಂದು ಹೂವನ್ನು ಕತ್ತರಿಸಿ ಕಟ್ಟಲು ಎಷ್ಟು ದಿನ ಹಿಡಿಯಿತು ಎಂದು ಕೇಳುವವರು ಕಡಿಮೆ.

ನಾನು ಮಾಡಿದ್ದು ಅವುಗಳ ಮುಂದೆ ಬಹಳ ಸಣ್ಣ ವೇಷ. ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಕದ್ವಾಡದ ಚಿಕ್ಕ ಮಕ್ಕಳ ಮುಂದೆ ಡೋರೆಮಾನ್ ಆಗಿ ನಿಂತೆ. ತಲೆಯಿಂದ ಬಾಲದವರೆಗೆ ಎಲ್ಲವನ್ನೂ ಅಮ್ಮಿ ಮತ್ತು ನಾನು ಮನೆಯಲ್ಲೇ ಮಾಡಿದೆವು. ಈ ಲೇಖನದಲ್ಲಿ ಮೂರು ವಿಷಯ ಬರೆಯುತ್ತೇನೆ: ವೇಷವನ್ನು ಹೇಗೆ ಮಾಡುವುದು, ಹಾಕಿಕೊಂಡಾಗ ಏನೇನು ನೋಡಿಕೊಳ್ಳಬೇಕು, ಅದರ ನಿಜವಾದ ಬೆಲೆ ಎಷ್ಟು. ಮೂರನೆಯದು ವಾಣಿಜ್ಯ ವಿಭಾಗದವರಿಗೆ ಪಾಠಕ್ಕೆ ಸಂಬಂಧಿಸಿದ್ದು. ಆದರೆ ಮನೆಯಲ್ಲಿ ಹೊಲಿಗೆ ಮಷಿನ್ ಇರುವ ಎಲ್ಲರೂ ಅದನ್ನು ಓದಬೇಕು ಎಂದು ನನ್ನ ಕೋರಿಕೆ.

ಡೋರೆಮಾನ್ ಯಾರು?

ಜಪಾನಿನ ಚಿತ್ರಕಥೆಗಾರ ಫುಜಿಕೊ ಎಫ್. ಫುಜಿಯೊ ಸೃಷ್ಟಿಸಿದ ಬೆಕ್ಕಿನ ರೋಬೋಟ್ ಇದು. 1969ರ ಡಿಸೆಂಬರ್‌ನಲ್ಲಿ ಮಕ್ಕಳ ಪತ್ರಿಕೆಗಳಲ್ಲಿ ಮೊದಲು ಕಾಣಿಸಿಕೊಂಡಿತು. ಕಥೆಯ ಪ್ರಕಾರ ಅವನು ಹುಟ್ಟುವುದು 2112ರ ಸೆಪ್ಟೆಂಬರ್ 3ರಂದು. ಓದಿನಲ್ಲಿ ಹಿಂದುಳಿದ ನೊಬಿತಾ ಎಂಬ ಹುಡುಗನಿಗೆ ಸಹಾಯ ಮಾಡಲು ಭವಿಷ್ಯದಿಂದ ಬರುತ್ತಾನೆ. ಎತ್ತರ 129.3 ಸೆಂ.ಮೀ., ತೂಕ 129.3 ಕಿಲೋ. ಈ ಎತ್ತರ ಆ ಕಾಲದ ಜಪಾನಿನ ನಾಲ್ಕನೇ ತರಗತಿಯ ಮಕ್ಕಳ ಸರಾಸರಿ ಎತ್ತರವಂತೆ. ಅಂದರೆ ಓದುವ ಮಗುವಿನ ಕಣ್ಣಿಗೆ ನೇರವಾಗಿ ನಿಲ್ಲುವ ಗೆಳೆಯ.

ಭಾರತದಲ್ಲಿ 2005ರಿಂದ ಅವನು ಟಿವಿಯಲ್ಲಿ ಹಿಂದಿ ಮಾತಾಡುತ್ತಿದ್ದಾನೆ. ನಮ್ಮ ಮನೆಮಾತು ಉರ್ದು. ಹಾಗಾಗಿ ಅವನು ಜಪಾನಿನವನು ಎಂದು ಚಿಕ್ಕಂದಿನಲ್ಲಿ ನನಗೆ ಅನ್ನಿಸಿರಲೇ ಇಲ್ಲ, ನಮ್ಮ ಓಣಿಯವನೇ ಅನ್ನಿಸುತ್ತಿದ್ದ. ಮಕ್ಕಳ ಮೇಲೆ ಅವನ ಪ್ರಭಾವ ಎಷ್ಟೆಂದರೆ, ತಮ್ಮ ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡುತ್ತಿದ್ದಾರೆ ಎಂದು 2013ರಲ್ಲಿ ಬಾಂಗ್ಲಾದೇಶದ ಸರ್ಕಾರ ಹಿಂದಿಯ ಡೋರೆಮಾನ್ ಪ್ರಸಾರವನ್ನೇ ನಿಲ್ಲಿಸಿತು.

ವೇಷ ಮಾಡುವವರಿಗೆ ಈ ಪಾತ್ರ ಅನುಕೂಲ. ಕಥೆಯಲ್ಲಿ ಇಲಿ ಅವನ ಕಿವಿ ತಿಂದುಬಿಟ್ಟಿದೆ, ಆದ್ದರಿಂದ ಕಿವಿ ಮಾಡುವ ಕೆಲಸವಿಲ್ಲ. ಬೆರಳುಗಳಿಲ್ಲ, ಉಂಡೆಯಂಥ ಕೈ. ತಲೆ ದುಂಡಗೆ, ಹೊಟ್ಟೆ ದುಂಡಗೆ. ದುಂಡಗಿನದಕ್ಕೆ ಲೆಕ್ಕ ಗೊತ್ತಿದ್ದರೆ ಸಾಕು.

ತಲೆ ಮಾಡುವ ಲೆಕ್ಕ

ತಲೆಗೆ 50 ಸೆಂ.ಮೀ. ವ್ಯಾಸ ಇಟ್ಟುಕೊಂಡೆವು. ವ್ಯಾಸವನ್ನು 3.14ರಿಂದ ಗುಣಿಸಿದರೆ ಸುತ್ತಳತೆ 157 ಸೆಂ.ಮೀ. ಬಟ್ಟೆ ಸಪಾಟು, ತಲೆ ಗುಂಡು. ಸಪಾಟಾದ ಬಟ್ಟೆಯನ್ನು ಹಾಗೇ ಎಳೆದು ಗುಂಡಿಗೆ ಸುತ್ತಿದರೆ ಎಲ್ಲೆಲ್ಲೂ ನೆರಿಗೆ ಬೀಳುತ್ತದೆ. ಅದಕ್ಕೆ ಕಿತ್ತಳೆ ಹಣ್ಣಿನ ತೊಳೆಯಂತೆ ಬಟ್ಟೆಯನ್ನು ಎಂಟು ಪಟ್ಟಿಗಳಾಗಿ ಕತ್ತರಿಸಬೇಕು. 157ನ್ನು 8ರಿಂದ ಭಾಗಿಸಿದರೆ ಪ್ರತಿ ಪಟ್ಟಿಯ ನಡುವಿನ ಅಗಲ 19.6 ಸೆಂ.ಮೀ. ಹೊಲಿಗೆಗೆ ಎರಡೂ ಕಡೆ ಒಂದೊಂದು ಸೆಂ.ಮೀ. ಹೆಚ್ಚು ಬಿಡಬೇಕು.

ಪಟ್ಟಿ ನಡುವಿನಿಂದ ತುದಿಗೆ ಹೋದಂತೆ ಕಿರಿದಾಗುತ್ತದೆ. ಎಷ್ಟು ಕಿರಿದು ಎಂಬುದಕ್ಕೆ ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು. ಕಾಸ್ 60 ಡಿಗ್ರಿ ಅಂದರೆ ಅರ್ಧ. ಆದ್ದರಿಂದ ನಡುಗೆರೆಯಿಂದ ಸುಮಾರು 26 ಸೆಂ.ಮೀ. ಮೇಲೆ ಪಟ್ಟಿಯ ಅಗಲ ಸರಿಯಾಗಿ ಅರ್ಧಕ್ಕೆ, ಅಂದರೆ 9.8 ಸೆಂ.ಮೀ.ಗೆ ಇಳಿಯಬೇಕು. ಪೂರ್ತಿ ಪಟ್ಟಿಯ ಉದ್ದ ಸುತ್ತಳತೆಯ ಅರ್ಧ, 78.5 ಸೆಂ.ಮೀ. ಆದರೆ ಕೆಳಗೆ ನಮ್ಮ ತಲೆ ತೂರಿಸಲು 30 ಸೆಂ.ಮೀ. ಅಗಲದ ಬಾಯಿ ಬೇಕು. ಅದಕ್ಕೆ 16 ಸೆಂ.ಮೀ. ಕಳೆದು 62.5ಕ್ಕೆ ಕತ್ತರಿಸಿದೆವು. ಅಮ್ಮಿ ಈ ಲೆಕ್ಕ ಕೇಳಿ ನಕ್ಕರು. ಅವರು ಹಳೆಯ ದಿನಪತ್ರಿಕೆಯನ್ನು ಮಡಚಿ, ಒಂದೇ ಸಲ ಕತ್ತರಿ ಆಡಿಸಿ, ಹೆಚ್ಚು ಕಡಿಮೆ ಅದೇ ಆಕಾರ ತೆಗೆದು ತೋರಿಸಿದರು. ನನ್ನ ಅಳತೆಗೂ ಅವರ ಕತ್ತರಿಗೂ ಅರ್ಧ ಸೆಂ.ಮೀ. ವ್ಯತ್ಯಾಸವೂ ಇರಲಿಲ್ಲ.

ಒಳಗಿನ ಚೌಕಟ್ಟಿಗೆ ಬಿದಿರಿನ ದಬ್ಬೆ. ದೀಪಾವಳಿಯ ಆಕಾಶಬುಟ್ಟಿಗೆ ಬಳಸುವ ತೆಳುವಾದ ದಬ್ಬೆಗಳೇ ಇದಕ್ಕೂ ಸರಿ. ಮೂರು ಅಡ್ಡ ಬಳೆ, ನಾಲ್ಕು ಉದ್ದ ಬಳೆ ಮಾಡಿ, ಕೂಡುವಲ್ಲೆಲ್ಲ ದಾರ ಬಿಗಿದು ಫೆವಿಕಾಲ್ ಹಚ್ಚಿದೆ. ದಬ್ಬೆಯ ಸಿಬಿರು ಕೈಗೆ, ಮುಖಕ್ಕೆ ಚುಚ್ಚದಂತೆ ಮೊದಲೇ ಮರಳು ಕಾಗದದಿಂದ ಉಜ್ಜಬೇಕು. ಚೌಕಟ್ಟಿನ ಮೇಲೆ ತೆಳು ಫೋಮ್, ಅದರ ಮೇಲೆ ನೀಲಿ ಬಟ್ಟೆ, ಮುಂದೆ ಬಿಳಿ ಮುಖ. ಒಳಗೆ ಹಳೆಯ ಕ್ರಿಕೆಟ್ ಟೋಪಿಯನ್ನು ನಾಲ್ಕು ಕಡೆ ಪಟ್ಟಿಗಳಿಂದ ಚೌಕಟ್ಟಿಗೆ ಕಟ್ಟಿದೆ. ಇದು ಬಹಳ ಮುಖ್ಯ. ಟೋಪಿ ಇಲ್ಲದಿದ್ದರೆ ನಾವು ಬಲಕ್ಕೆ ತಿರುಗಿದರೂ ಡೋರೆಮಾನ್ ಮುಂದಕ್ಕೇ ನೋಡುತ್ತಿರುತ್ತಾನೆ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತಲೆಯ ತೂಕ 1 ಕಿಲೋ 400 ಗ್ರಾಂ ಬಂತು. ಕಾಗದದ ತಿರುಳಿನಿಂದ ಮಾಡಿದ್ದರೆ ಇದಕ್ಕಿಂತ ಹೆಚ್ಚು ಭಾರವಾಗುತ್ತಿತ್ತು, ಮತ್ತು ನಮ್ಮ ಕರಾವಳಿಯ ತೇವಕ್ಕೆ ಬೇಗ ಒಣಗುವುದೂ ಇಲ್ಲ.

ಮೈ, ಜೇಬು, ಗಂಟೆ

ಮೈಗೆ ಸ್ಯಾಟಿನ್ ಹೊಳೆಯುತ್ತದೆ, ಆದರೆ ಬೆವರು ಹೀರುವುದಿಲ್ಲ. ಅದಕ್ಕೆ ಹತ್ತಿಯ ಪಾಪ್ಲಿನ್ ತೆಗೆದುಕೊಂಡೆವು. ಸಡಿಲವಾದ ಜುಬ್ಬಾದಂತೆ ಹೊಲಿದು, ಸೊಂಟದ ಬಳಿ ಒಳಗಡೆ ಬಿದಿರಿನ ಬಳೆ ಸೇರಿಸಿದರೆ ಹೊಟ್ಟೆ ದುಂಡಗೆ ನಿಲ್ಲುತ್ತದೆ. ಹತ್ತಿ ತುಂಬಿದರೆ ಸೆಕೆ. ಬಳೆಯ ಒಳಗೆ ಬರೀ ಗಾಳಿ ಇರುವುದರಿಂದ ತಂಪು. ಕೊರಳಿಗೆ ಕೆಂಪು ಪಟ್ಟಿ. ಹಳೆಯ ಪ್ಲಾಸ್ಟಿಕ್ ಚೆಂಡಿಗೆ ಹಳದಿ ಬಣ್ಣ ಬಳಿದು ಗಂಟೆ. ಬಾಲಕ್ಕೆ ಸಣ್ಣ ಕೆಂಪು ಉಂಡೆ.

ಹೊಟ್ಟೆಯ ಮೇಲಿನ ಜೇಬಿಗೆ ಮಾತ್ರ ಅಮ್ಮಿ ದಪ್ಪ ಅಸ್ತರ್ ಹಾಕಿ ಎರಡು ಸಲ ಹೊಲಿದರು. ಡೋರೆಮಾನ್ ತನ್ನ ಎಲ್ಲ ಉಪಕರಣ ತೆಗೆಯುವುದು ಆ ಜೇಬಿನಿಂದಲೇ ಅಲ್ಲವೇ? ಐವತ್ತು ಮಕ್ಕಳು ಕೈ ಹಾಕುತ್ತಾರೆ, ಹರಿಯಬಾರದು ಎಂದರು. ಒಂದು ಸ್ವಾರಸ್ಯದ ವಿಷಯ ಹೇಳುತ್ತೇನೆ. ಜೇಬು, ಕಿಸೆ, ಅಸ್ತರ್, ದರ್ಜಿ ಇವೆಲ್ಲ ಫಾರ್ಸಿ, ಅರಬ್ಬಿ ಕಡೆಯಿಂದ ಬಂದು ಕನ್ನಡದಲ್ಲಿ ನೆಲೆಸಿದ ಮಾತುಗಳು. ನಮ್ಮ ಲೆಕ್ಕದ ಪುಸ್ತಕದ ಜಮಾ, ಖರ್ಚು, ಬಾಕಿ, ವಸೂಲಿ, ಅಸಲು ಕೂಡ ಹಾಗೆಯೇ. ಅಮ್ಮಿ ಮನೆಯಲ್ಲಿ ಆಡುವ ಮಾತನ್ನೇ ನಾನು ಕಾಲೇಜಿನಲ್ಲಿ ಪಾಠವಾಗಿ ಓದುತ್ತೇನೆ. ಮಜೂರಿ ಎಂಬ ಮಾತೂ ಅದೇ ಸಾಲಿನದು. ಅದರ ವಿಷಯ ಮುಂದೆ ಬರುತ್ತದೆ.

ಹಾಕಿಕೊಂಡಾಗ

ವೇಷದ ಕಣ್ಣಿನಿಂದ ನಾವು ನೋಡುವುದಿಲ್ಲ, ಬಾಯಿಯಿಂದ ನೋಡುತ್ತೇವೆ. ಡೋರೆಮಾನ್‌ನ ದೊಡ್ಡ ನಗುವಿನ ಜಾಗದಲ್ಲಿ ಕೆಂಪು ಜಾಳಿಗೆ ಬಟ್ಟೆ ಹೊಲಿದಿದ್ದೆವು. ಹೊರಗಿನವರಿಗೆ ಅದು ಬಾಯಿ, ನನಗೆ ಕಿಟಕಿ. ನೇರಕ್ಕೆ ಕಾಣುತ್ತದೆ, ಕಾಲ ಬುಡ ಕಾಣುವುದಿಲ್ಲ. ಚಿಕ್ಕ ಮಕ್ಕಳು ಇರುವುದೇ ಕಾಲ ಬುಡದಲ್ಲಿ! ಆದ್ದರಿಂದ ಒಬ್ಬ ಗೆಳೆಯ ಸದಾ ಪಕ್ಕದಲ್ಲಿ ಇರಬೇಕು. ನೆನಪಿಡಬೇಕಾದ ನಿಯಮಗಳು ಇವು:

1. ಒಂದು ಸಲಕ್ಕೆ ಹತ್ತು ನಿಮಿಷ ಮಾತ್ರ. ಆಮೇಲೆ ಮಕ್ಕಳು ಕಾಣದ ಕೋಣೆಗೆ ಹೋಗಿ ತಲೆ ತೆಗೆದು ನೀರು ಕುಡಿಯಬೇಕು. ನವೆಂಬರ್‌ನಲ್ಲೂ ಕಾರವಾರದ ಮಧ್ಯಾಹ್ನ ಸೆಕೆಯೇ.
2. ತಲೆಯ ಮೇಲ್ಭಾಗದಲ್ಲಿ ಬಿಸಿ ಗಾಳಿ ಹೊರಹೋಗಲು ಒಂದು ತೂತು ಬಿಡಬೇಕು.
3. ತಲೆಯನ್ನು ಬೇರೆಯವರ ಸಹಾಯವಿಲ್ಲದೆ ಒಂದೇ ಕೈಯಲ್ಲಿ ತೆಗೆಯಲು ಬರಬೇಕು. ಗುಂಡಿ, ಗಂಟು ಬೇಡ.
4. ದೀಪ, ಮೇಣದಬತ್ತಿ, ಒಲೆಯ ಹತ್ತಿರ ಹೋಗಬಾರದು. ಫೋಮ್ ಬೇಗ ಹೊತ್ತಿಕೊಳ್ಳುತ್ತದೆ.
5. ಮಗು ಅತ್ತರೆ ಹತ್ತಿರ ಹೋಗಬಾರದು. ದೂರದಲ್ಲೇ ಮಂಡಿಯೂರಿ ಕುಳಿತರೆ ಅದೇ ನಿಧಾನಕ್ಕೆ ಬರುತ್ತದೆ.

ಐದನೆಯ ನಿಯಮ ಬಹಳ ಉಪಯೋಗಕ್ಕೆ ಬಂತು. ಮಂಡಿಯೂರಿದ ಮೇಲೆ ನಾನು ಸುಮಾರು ನಿಜವಾದ ಡೋರೆಮಾನ್‌ನ ಎತ್ತರಕ್ಕೆ ಬಂದೆ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು, ಕನ್ನಡ ಆಡುವ ಮಕ್ಕಳು, ಉರ್ದು ಆಡುವ ಮಕ್ಕಳು ಎಲ್ಲರೂ ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟಾಗ ಒಬ್ಬ ಹುಡುಗ, "ಇವನು ಡೋರೆಮಾನ್ ಅಲ್ಲ, ಡೋರೆಮಾನ್‌ಗೆ ಕನ್ನಡ ಬರುವುದಿಲ್ಲ" ಎಂದು ಎಲ್ಲರಿಗೂ ಸಾರಿದ. "ನಿನ್ನಿಂದ ಕಲಿಯಲು ಬಂದಿದ್ದೇನೆ" ಎಂದೆ. ಆಮೇಲೆ ಹತ್ತು ನಿಮಿಷ ಅವನು ನನಗೆ ಅ, ಆ, ಇ, ಈ ಹೇಳಿಕೊಟ್ಟ. ಒಂದನೇ ತರಗತಿಯ ಹುಡುಗಿಯೊಬ್ಬಳು ಮುರಿದ ಪೆನ್ಸಿಲನ್ನು ನನ್ನ ಜೇಬಿನಲ್ಲಿ ಹಾಕಿ, ಸರಿಯಾಗಿ ಹೊರಬರಲಿ ಎಂದು ಕಾದು ನಿಂತಳು. ಪಕ್ಕದಲ್ಲಿದ್ದ ಗೆಳೆಯ ತನ್ನ ಹೊಸ ಪೆನ್ಸಿಲನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. ಅಸ್ತರ್ ಹರಿಯಲಿಲ್ಲ.

ಮೊದಲ ಲೆಕ್ಕ

ಕೈಯಿಂದ ಹೋದ ಹಣ ಇಷ್ಟು:

ನೀಲಿ ಪಾಪ್ಲಿನ್, 5 ಮೀಟರ್: ₹350
ಬಿಳಿ ಬಟ್ಟೆ, 2 ಮೀಟರ್: ₹120
ಕೆಂಪು ಬಟ್ಟೆ, ಜಾಳಿಗೆ: ₹40
ಫೋಮ್ ಹಾಳೆ, 2: ₹220
ಬಿದಿರಿನ ದಬ್ಬೆ: ₹60
ಫೆವಿಕಾಲ್, ದಾರ, ಮರಳು ಕಾಗದ: ₹130
ಬಣ್ಣ: ₹60
ಒಟ್ಟು: ₹980

ಕಾರ್ಯಕ್ರಮ ಮುಗಿದ ವಾರದಲ್ಲಿ ಪರಿಚಯದ ಒಬ್ಬರು ಮನೆಗೆ ಬಂದರು. ಮಗಳ ಹುಟ್ಟುಹಬ್ಬಕ್ಕೆ ಇಂಥದೇ ಒಂದು ಮಾಡಿಕೊಡಿ, ₹1,200 ಕೊಡುತ್ತೇನೆ ಎಂದರು. 1,200ರಲ್ಲಿ 980 ಕಳೆದರೆ ₹220 ಲಾಭ ಎಂದು ಯಾರಾದರೂ ಹೇಳಬಹುದು. ಅವರು ಹೋದ ಮೇಲೆ ಅಮ್ಮಿ ಆ ಪಟ್ಟಿಯನ್ನು ನನ್ನಿಂದ ಓದಿಸಿದರು. ಪೂರ್ತಿ ಕೇಳಿ, "ಬಟ್ಟೆಗೆ ಬೆಲೆ ಇದೆ, ದಾರಕ್ಕೆ ಬೆಲೆ ಇದೆ, ಬಿದಿರಿಗೂ ಬೆಲೆ ಇದೆ. ಮಷಿನ್ ತಾನೇ ಹೊಲಿಯಿತಾ ಬೇಟಾ?" ಎಂದರು.

ಎರಡನೇ ಲೆಕ್ಕ

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಪಾಠವಿದೆ. ಒಂದು ಕೆಲಸಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದು ಕೆಲಸದ ಬೆಲೆಯೇ ಅವಕಾಶ ವೆಚ್ಚ. ಅಮ್ಮಿ ವೇಷಕ್ಕೆ 11 ಗಂಟೆ ಮಷಿನ್ ಮುಂದೆ ಕುಳಿತಿದ್ದರು. ಅವರು ಸಾದಾ ಬ್ಲೌಸ್ ಒಂದಕ್ಕೆ ₹150 ತೆಗೆದುಕೊಳ್ಳುತ್ತಾರೆ, ಅದಕ್ಕೆ ಎರಡೂವರೆ ಗಂಟೆ ಬೇಕು. ಅಂದರೆ ಗಂಟೆಗೆ ₹60. ಹನ್ನೊಂದು ಗಂಟೆಗೆ ₹660.

ನಾನು 19 ಗಂಟೆ ಕೆಲಸ ಮಾಡಿದ್ದೆ. ಕಲಿಯುವವನಿಗೆ ಅರ್ಧ ಮಜೂರಿ ಎಂದು ಅಮ್ಮಿಯೇ ತೀರ್ಮಾನಿಸಿದರು. ಗಂಟೆಗೆ ₹30ರಂತೆ ₹570.

ಮಷಿನ್ ಕೂಡ ಸವೆಯುತ್ತದೆ. ₹7,200ರ ಮಷಿನ್ ಹತ್ತು ವರ್ಷ ಬಾಳುತ್ತದೆ ಎಂದುಕೊಂಡರೆ, ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ ₹720 ಸವಕಳಿ. ಅಮ್ಮಿ ವರ್ಷಕ್ಕೆ ಸುಮಾರು 600 ಗಂಟೆ ಹೊಲಿಯುತ್ತಾರೆ. ಗಂಟೆಗೆ ₹1.20, ಹನ್ನೊಂದು ಗಂಟೆಗೆ ಸುಮಾರು ₹13. ಸೂಜಿ, ಎಣ್ಣೆ ಸೇರಿಸಿ ₹20 ಎಂದು ಬರೆದೆ.

980, 660, 570, 20 ಕೂಡಿಸಿದರೆ ₹2,230. ಈಗ ₹1,200ಕ್ಕೆ ಕೊಟ್ಟರೆ ₹220 ಲಾಭವಲ್ಲ, ₹1,030 ನಷ್ಟ. ಆ ನಷ್ಟ ಯಾವ ಅಂಗಡಿಯ ಪುಸ್ತಕದಲ್ಲೂ ಕಾಣುವುದಿಲ್ಲ. ಅದು ಹೊಲಿದವರ ಬೆನ್ನಿನಲ್ಲಿ, ಕಣ್ಣಿನಲ್ಲಿ ಉಳಿಯುತ್ತದೆ.

ಹೀಗೆ ಕಾಣದೆ ಹೋಗುವುದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ. ಮನೆಯವರು ಮನೆಯವರಿಗಾಗಿ ಮಾಡುವ, ಹಣ ಕೈ ಬದಲಾಗದ ಕೆಲಸ ಜಿಡಿಪಿಯಲ್ಲಿ ಸೇರುವುದಿಲ್ಲ ಎಂದು ದ್ವಿತೀಯ ಪಿಯುಸಿಯ ಪಾಠದಲ್ಲೇ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಐದು ವರ್ಷದಲ್ಲಿ ಹೆಂಗಸರ ಪಾಲು ಹತ್ತು ನಿಮಿಷ ಕಡಿಮೆಯಾಗಿದೆ, ಗಂಡಸರದು ಒಂಬತ್ತು.

ವೇಷದ ಇತಿಹಾಸದಲ್ಲೂ ಇಂಥದೇ ಒಂದು ಕಥೆ ಇದೆ. ಇಷ್ಟದ ಪಾತ್ರದ ಉಡುಪು ಹಾಕಿಕೊಂಡು ಸಮ್ಮೇಳನಕ್ಕೆ ಹೋಗುವುದನ್ನು ಈಗ ಕಾಸ್‌ಪ್ಲೇ ಎನ್ನುತ್ತಾರೆ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಇದು ದೊಡ್ಡ ಆಕರ್ಷಣೆ. ಇದರ ಆರಂಭವನ್ನು 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಒಯ್ಯುತ್ತಾರೆ. ಅಲ್ಲಿ ಫಾರೆಸ್ಟ್ ಆಕರ್‌ಮನ್ ಎಂಬವರು ಭವಿಷ್ಯದ ಮನುಷ್ಯನ ಉಡುಪಿನಲ್ಲಿ ಬಂದರು. ಬಹಳ ಕಾಲ ಹೆಸರು ಅವರದೇ ಆಗಿತ್ತು. ಆದರೆ ಆ ಉಡುಪನ್ನು ಹೊಲಿದವರು ಮಿರ್ಟಲ್ ಡಗ್ಲಸ್. ಅವರೂ ಅದೇ ಸಮ್ಮೇಳನಕ್ಕೆ ತಾವೇ ಮಾಡಿದ ಉಡುಪು ತೊಟ್ಟು ಬಂದಿದ್ದರು. ಈಗೀಗ ಅವರನ್ನು ಕಾಸ್‌ಪ್ಲೇಯ ತಾಯಿ ಎಂದು ಕರೆಯುತ್ತಾರೆ.

ಬೆಲೆ ಹೇಳುವುದು, ಬಿಟ್ಟುಕೊಡುವುದು

ಪರಿಚಯದವರಿಗೆ ಉತ್ತರ ಕೊಡಬೇಕಿತ್ತು. ಮೊದಲನೆಯದಾಗಿ, ಡೋರೆಮಾನ್ ನಮ್ಮ ಸೊತ್ತಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಫುಜಿಕೊ ತೀರಿಕೊಂಡದ್ದು 1996ರಲ್ಲಿ. ಮಕ್ಕಳನ್ನು ನಗಿಸಲು ಒಂದು ದಿನ ಹಾಕಿಕೊಳ್ಳುವುದು ಬೇರೆ, ಅನುಮತಿಯಿಲ್ಲದೆ ಮಾಡಿ ಮಾರುವುದು ಬೇರೆ. ಅದಕ್ಕೆ ನಮ್ಮದೇ ಕಲ್ಪನೆಯ, ಬೇರೆ ಬಣ್ಣದ ಒಂದು ಬೆಕ್ಕು ಮಾಡಿಕೊಡುತ್ತೇವೆ ಎಂದೆವು.

ಎರಡನೆಯದು ಬೆಲೆ. ಕಾಗದದ ಮಾದರಿ ಈಗಾಗಲೇ ಇರುವುದರಿಂದ ಎರಡನೇ ವೇಷಕ್ಕೆ ಅಮ್ಮಿಗೆ 8 ಗಂಟೆ, ನನಗೆ 10 ಗಂಟೆ ಸಾಕು. ಸಾಮಾನು 980, ಅಮ್ಮಿಯ ಮಜೂರಿ 480, ನನ್ನದು 300, ಮಷಿನ್ 20, ಒಟ್ಟು ₹1,780. ಸ್ವಲ್ಪ ಲಾಭ ಸೇರಿಸಿ ₹1,950 ಎಂದು ಅಮ್ಮಿಯೇ ಫೋನಿನಲ್ಲಿ ಹೇಳಿದರು. ಯೋಚಿಸಿ ಹೇಳುತ್ತೇವೆ ಎಂದವರು ಮತ್ತೆ ಬರಲಿಲ್ಲ. ಆ ವಾರ ಅಮ್ಮಿ ಬ್ಲೌಸ್‌ಗಳನ್ನು ಹೊಲಿದು ಪೂರ್ತಿ ಮಜೂರಿ ತೆಗೆದುಕೊಂಡರು.

ಹಾಗಾದರೆ ಮಕ್ಕಳ ದಿನಕ್ಕೆ ಮಾಡಿದ್ದು ನಷ್ಟವೇ? ಈ ಪ್ರಶ್ನೆಗೆ ಉತ್ತರ ಅಬ್ಬಾ ಅವರಿಂದ ಸಿಕ್ಕಿತು. ಅವರು ಆಟೋ ಓಡಿಸುತ್ತಾರೆ. ಅಂದು ವೇಷವನ್ನು, ನನ್ನನ್ನು ಶಾಲೆಗೆ ಬಿಟ್ಟು ಮತ್ತೆ ಕರೆತಂದದ್ದೂ ಅವರೇ. ಅದನ್ನೂ ಲೆಕ್ಕಕ್ಕೆ ಬರೆಯಲೇ ಎಂದಾಗ, "ಹೋಗಿ ಬರುವ ಬಾಡಿಗೆ ಇಷ್ಟು ಎಂದು ಬರೆ, ಅದರ ಕೆಳಗೆ ಮಕ್ಕಳಿಗಾಗಿ ಬಿಟ್ಟಿದ್ದು ಎಂದು ಬರೆ" ಎಂದರು. ಅಬ್ಬಾ ಬಾಡಿಗೆ ಹೇಳುವಾಗ ಪೆಟ್ರೋಲ್ ಜೊತೆ ತಮ್ಮ ಹೊತ್ತನ್ನೂ ಸೇರಿಸಿಯೇ ಹೇಳುತ್ತಾರೆ. ತಾವು ಎಷ್ಟು ಬಿಟ್ಟುಕೊಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿದೆ. ಬೆಲೆ ಗೊತ್ತಿದ್ದು ಬಿಟ್ಟುಕೊಟ್ಟರೆ ಅದು ಕೊಡುಗೆ. ಬೆಲೆಯನ್ನೇ ಯಾರೂ ಕೇಳದಿದ್ದರೆ ಅದು ಕೊಡುಗೆಯಾಗುವುದು ಹೇಗೆ?

ಗೆಳೆಯರೇ, ಮುಂದಿನ ವಾರ್ಷಿಕೋತ್ಸವಕ್ಕೆ ನಿಮ್ಮಲ್ಲಿ ಹಲವರು ಛದ್ಮವೇಷಕ್ಕೆ, ನಾಟಕಕ್ಕೆ ಉಡುಪು ಮಾಡುತ್ತೀರಿ. ಅಮ್ಮ, ಆಪಾ, ಖಾಲಾ, ಅಕ್ಕ ಯಾರೋ ಒಬ್ಬರು ರಾತ್ರಿ ಕುಳಿತು ಹೊಲಿಯುತ್ತಾರೆ. ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿ: ಸಾಮಾನು, ಗಂಟೆ, ಮಜೂರಿ. ಕೊನೆಯಲ್ಲಿ ಬಿಟ್ಟುಕೊಟ್ಟದ್ದು ಎಷ್ಟು, ಯಾರು ಬಿಟ್ಟುಕೊಟ್ಟರು ಎಂದು ಹೆಸರು ಸಮೇತ ಬರೆಯಿರಿ. ವೇಷಕ್ಕೆ ಬಹುಮಾನ ಬಂದರೆ ವೇದಿಕೆಯ ಮೇಲೆ ಆ ಹೆಸರನ್ನೂ ಹೇಳಿ.

ನಮ್ಮ ಮನೆಯ ಮಷಿನ್ ಪಕ್ಕದ ಗೋಡೆಗೆ ಈಗ ಒಂದು ರಟ್ಟು ಅಂಟಿಸಿದ್ದೇವೆ. ಬ್ಲೌಸ್, ಫಾಲ್, ಪಿಕೋ, ಅಸ್ತರ್ ಎಲ್ಲದಕ್ಕೂ ದರ ಬರೆದಿದೆ. ಅಕ್ಷರ ನನ್ನದು, ದರ ಅಮ್ಮಿಯದು.